ಬಾಟಲಿಯ ಊಟ, ಎರಿಮಣ್ಣಿನ ಊಟ

ಸಿಂದಗಿ ಸೀಮೆಯ ಹೊಲಕ್ಕೆ ಬರುವ ಜಿ-9 ಬಾಳೆಯ ಅಗಿ, ಅಂದರೆ ಎಳೆ ಸಸಿ, ಮಣ್ಣಿನ ಮುಖ ನೋಡುವ ಹೊತ್ತಿಗೆ ಅಂಗಾಂಶ ಕೃಷಿಯ ಪ್ರಯೋಗಾಲಯದ ಬಾಟಲಿಯೊಳಗೆ ತಿಂಗಳುಗಟ್ಟಲೆ ಉಂಡು ಬೆಳೆದಿರುತ್ತದೆ. ಆ ಊಟದಲ್ಲಿ ಏನಿತ್ತು, ಎಷ್ಟಿತ್ತು, ಯಾವ ಹದದಲ್ಲಿತ್ತು ಎಂಬುದು ಅದನ್ನು ಕೊಂಡವರಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಅಗಿಯ ಬೆಲೆ ಕೇಳುತ್ತೇವೆ, ಕಂಪನಿ ಯಾವುದೆಂದು ಕೇಳುತ್ತೇವೆ, ಗೊನೆ ಎಷ್ಟು ಕಿಲೋ ತೂಗುತ್ತದೆ ಎಂದು ಕೇಳುತ್ತೇವೆ. ಬಾಟಲಿಯೊಳಗೆ ಇದು ಏನು ತಿಂದಿದೆ ಎಂದು ಕೇಳುವುದಿಲ್ಲ. ಕೇಳಬೇಕು. ನಾಟಿ ಮಾಡಿದ ಹೊಸದರಲ್ಲಿ ನಮ್ಮ ಎರಿ, ಅಂದರೆ ಕರಿಮಣ್ಣಿನ, ಹೊಲಗಳಲ್ಲಿ ಸುಳಿ ಎಲೆ ಬೆಳ್ಳಗಾಗುವುದು, ಗಿಡ ನಿಂತಲ್ಲೇ ನಿಲ್ಲುವುದು ಏಕೆಂದು ತಿಳಿಯಬೇಕಾದರೆ ಆ ಊಟವನ್ನೂ ಈ ಮಣ್ಣಿನ ಊಟವನ್ನೂ ಪಕ್ಕಪಕ್ಕ ಇಟ್ಟು ನೋಡಲೇಬೇಕು.

ಕೃಷ್ಣೆ ಮತ್ತು ಭೀಮೆಯ ನಡುವಿನ ಈ ನೆಲ ಬಿಳಿಜೋಳ, ತೊಗರಿ, ಕಡಲೆ, ಕುಸುಬೆಯ ನೆಲ. ಇಲ್ಲಿನ ಡೋಣಿ ಹೊಳೆಯ ಬಗೆಗಿನ, ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಮಾತು ಹಿಂಗಾರಿಯನ್ನೇ ನಂಬಿ ಬದುಕಿದ ಕಾಲದ್ದು. ಆಲಮಟ್ಟಿ, ನಾರಾಯಣಪುರದ ಕಾಲುವೆ, ಏತ ನೀರಾವರಿ, ಕೃಷಿಹೊಂಡ, ಕೊಳವೆಬಾವಿ ಬಂದ ಮೇಲೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹೊಲಗಳಲ್ಲಿ ಕಬ್ಬು, ದಾಳಿಂಬೆ, ದ್ರಾಕ್ಷಿ, ನಿಂಬೆ, ಬಾಳೆ ನೆಲೆಯಾದವು. ಬೆಳೆ ಬದಲಾಯಿತು, ಮಣ್ಣು ಬದಲಾಗಲಿಲ್ಲ. ಅದು ಸುಣ್ಣದ ಅಂಶ ತುಂಬಿದ ಅದೇ ಕರಿಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ಬೂಟು ಕಿತ್ತುಕೊಳ್ಳುತ್ತದೆ. ಅದರ ಪಿಎಚ್ 8 ದಾಟುವುದು ಇಲ್ಲಿ ಸಾಮಾನ್ಯ ಸಂಗತಿ. ಈ ಸಂಖ್ಯೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಒಂದು ಲೀಟರ್ ಅಡುಗೆ

ಅಂಗಾಂಶ ಕೃಷಿಯ ಪ್ರಯೋಗಾಲಯದಲ್ಲಿ ಮೊದಲ ಕೋಣೆ ಅಡುಗೆಮನೆಯೇ. ಅಲ್ಲಿ ತಯಾರಾಗುವುದಕ್ಕೆ ಪೋಷಕ ಮಾಧ್ಯಮ ಎಂದು ಹೆಸರು, ಕೆಲಸ ಮಾಡುವವರ ಬಾಯಲ್ಲಿ ಬರೀ 'ಮೀಡಿಯಾ'. ಜಗತ್ತಿನ ಬಹುಪಾಲು ಪ್ರಯೋಗಾಲಯಗಳಲ್ಲಿ ಇಂದು ನಡೆಯುವುದು ಎಂಎಸ್ ಮೀಡಿಯಾ, ಅಥವಾ ಅದನ್ನೇ ಸ್ವಲ್ಪ ತಿದ್ದಿದ್ದು. ಅದರ ಒಂದು ಲೀಟರಿನ ಲೆಕ್ಕ ಹೀಗಿದೆ. ಅಮೋನಿಯಂ ನೈಟ್ರೇಟ್ 1,650 ಮಿಲಿಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ 1,900, ಕ್ಯಾಲ್ಸಿಯಂ ಕ್ಲೋರೈಡ್ 440, ಮೆಗ್ನೀಸಿಯಂ ಸಲ್ಫೇಟ್ 370, ಪೊಟ್ಯಾಸಿಯಂ ಫಾಸ್ಫೇಟ್ 170. ಹನಿ ನೀರಾವರಿ ಟ್ಯಾಂಕಿಗೆ ಗೊಬ್ಬರ ಕಲಸುವ ರೈತನಿಗೆ ಇವುಗಳಲ್ಲಿ ಹೆಚ್ಚಿನವು ಹಳೆಯ ಪರಿಚಯದ ಹೆಸರುಗಳು. ಅಮೋನಿಯಂ ನೈಟ್ರೇಟ್ ಮಾತ್ರ ಈಗ ಅಂಗಡಿಯಲ್ಲಿ ಸುಲಭಕ್ಕೆ ಸಿಗದು. ಗಣಿಯಲ್ಲಿ ಬಂಡೆ ಸಿಡಿಸಲೂ ಬಳಕೆಯಾಗುವ ಉಪ್ಪಾದ್ದರಿಂದ 2012ರ ನಿಯಮಗಳು ಅದರ ಮಾರಾಟ, ದಾಸ್ತಾನುಗಳನ್ನು ಸ್ಫೋಟಕಗಳ ಕಾನೂನಿನ ಅಡಿಯಲ್ಲಿ ಬಿಗಿಮಾಡಿವೆ.

ಮುಂದಿನ ಪಟ್ಟಿ ತೀರ ಸಣ್ಣ ತೂಕದ್ದು. ಮ್ಯಾಂಗನೀಸ್ ಸಲ್ಫೇಟ್ 22.3 ಮಿಲಿಗ್ರಾಂ, ಜಿಂಕ್ ಸಲ್ಫೇಟ್ 8.6, ಬೋರಿಕ್ ಆಮ್ಲ 6.2, ಅಯೋಡೈಡ್ 0.83, ಮಾಲಿಬ್ಡೇಟ್ 0.25. ತಾಮ್ರದ ಉಪ್ಪು ಮತ್ತು ಕೋಬಾಲ್ಟ್ ಉಪ್ಪು ತಲಾ 0.025 ಮಿಲಿಗ್ರಾಂ. ಇಷ್ಟು ಸಣ್ಣ ತೂಕವನ್ನು ಸಾಮಾನ್ಯ ತಕ್ಕಡಿ ನಂಬಿಕೆಯಿಂದ ತೂಗಲಾರದು. ಅದಕ್ಕೆ 25 ಮಿಲಿಗ್ರಾಂ ತೂಗಿ ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟುಕೊಂಡು, ಬೇಕಾದಾಗ ಅದರಿಂದ ಒಂದು ಮಿಲಿಲೀಟರ್ ಹೀರಿ ಹಾಕುತ್ತಾರೆ. ಇಂಥ ಸಾಂದ್ರ ದ್ರಾವಣಗಳನ್ನು 'ಸ್ಟಾಕ್' ಎನ್ನುತ್ತಾರೆ. ಕ್ಯಾಲ್ಸಿಯಂ ಸ್ಟಾಕನ್ನು ಫಾಸ್ಫೇಟ್ ಮತ್ತು ಸಲ್ಫೇಟ್ ಇರುವ ಸ್ಟಾಕಿನಿಂದ ಬೇರೆಯೇ ಇಡಬೇಕು. ಗಟ್ಟಿ ದ್ರಾವಣದಲ್ಲಿ ಅವು ಕೂಡಿದರೆ ಬಿಳಿ ಗಸಿ ಕಟ್ಟಿ ತಳಕ್ಕಿಳಿಯುತ್ತದೆ. ಕ್ಯಾಲ್ಸಿಯಂ ನೈಟ್ರೇಟನ್ನು ಬೇರೆ ಗೊಬ್ಬರದ ಜೊತೆ ಒಂದೇ ಟ್ಯಾಂಕಿಗೆ ಹಾಕಿ ಡ್ರಿಪ್ಪಿನ ತೂತು ಕಟ್ಟಿಸಿಕೊಂಡ ತೋಟಗಾರರಿಗೆ ಈ ಗಸಿ ಯಾವುದೆಂದು ವಿವರಿಸಬೇಕಾಗಿಲ್ಲ. ಪ್ರಯೋಗಾಲಯದ ನಿಯಮವೂ ಹೊಲದ ನಿಯಮವೂ ಇಲ್ಲಿ ಒಂದೇ.

ಆಮೇಲೆ ಕಬ್ಬಿಣ. ಫೆರಸ್ ಸಲ್ಫೇಟ್ 27.8 ಮಿಲಿಗ್ರಾಂ, ಅದರ ಜೊತೆಗೆ ಇಡಿಟಿಎ 37.3 ಮಿಲಿಗ್ರಾಂ. ಬೆಳಕು ಬಿದ್ದರೆ ಕೆಡುತ್ತದೆಂದು ಇದನ್ನು ಕಂದು ಬಾಟಲಿಯಲ್ಲಿ ಇಡುತ್ತಾರೆ. ನಂತರ ಇನಾಸಿಟಾಲ್, ಗ್ಲೈಸಿನ್, ಜೊತೆಗೆ ಥಯಾಮಿನ್ ಮೊದಲಾದ ಜೀವಸತ್ವಗಳು. ಇಷ್ಟೆಲ್ಲ ಆದ ಮೇಲೆ ಸಕ್ಕರೆ, ಲೀಟರಿಗೆ 30 ಗ್ರಾಂ. ಸೂಕ್ಷ್ಮ ಅಧ್ಯಯನಕ್ಕೆ ಶುದ್ಧ ಸುಕ್ರೋಸ್ ಬಳಸಿದರೂ ವ್ಯಾಪಾರಕ್ಕೆಂದು ಲಕ್ಷಗಟ್ಟಲೆ ಸಸಿ ಮಾಡುವ ಎಷ್ಟೋ ಪ್ರಯೋಗಾಲಯಗಳು ಕಿರಾಣಿ ಅಂಗಡಿಯ ಸಕ್ಕರೆಯನ್ನೇ ಹಾಕುತ್ತವೆ. ಭೀಮಾ ತೀರದ ಕಬ್ಬಿನ ಸಕ್ಕರೆ ಬಾಳೆಯ ಸಸಿಯ ಹೊಟ್ಟೆಗೂ ಹೋಗುತ್ತಿರಬಹುದು ಎಂದುಕೊಂಡರೆ ನನಗೆ ಸಂತೋಷವಾಗುತ್ತದೆ.

ಇನ್ನು ಹದ. ಹನಿ ಹನಿಯಾಗಿ ಕ್ಷಾರವನ್ನೋ ಆಮ್ಲವನ್ನೋ ಬಿಡುತ್ತ ಪಿಎಚ್ 5.7–5.8ಕ್ಕೆ ತಂದು ನಿಲ್ಲಿಸುತ್ತಾರೆ. 5ರ ಕೆಳಗೆ ಹೋದರೆ ದ್ರಾವಣವನ್ನು ಹೆಪ್ಪುಗಟ್ಟಿಸುವ ಅಗರ್ ಸರಿಯಾಗಿ ಗಟ್ಟಿಯಾಗದು, 6 ದಾಟಿದರೆ ಬಿರುಸಾಗುತ್ತದೆ. ಏಳೆಂಟು ಗ್ರಾಂ ಅಗರ್ ಹಾಕಿ ಕುದಿಸಿ, ಜಾಮ್ ಬಾಟಲಿಗಳಿಗೆ ಸುರಿದು ಮುಚ್ಚಳ ಹಾಕಿ, 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಹದಿನೈದಿಪ್ಪತ್ತು ನಿಮಿಷ ಬೇಯಿಸುತ್ತಾರೆ. ಆರಿದಾಗ ಅದು ಗಿಣ್ಣದಂತೆ ನಡುಗುತ್ತ ನಿಲ್ಲುತ್ತದೆ. ಆದರೂ ಕೂಡಲೇ ಬಳಸುವುದಿಲ್ಲ, ಕೆಲವು ದಿನ ಹಾಗೇ ಇಟ್ಟು ಬೂಸ್ಟು ಬರುತ್ತದೆಯೇ ಎಂದು ಕಾಯುತ್ತಾರೆ.

ಈ ಎಚ್ಚರಿಕೆಗೆ ಕಾರಣ ಆ ಸಕ್ಕರೆ. ಮುಚ್ಚಿದ ಬಾಟಲಿಯಲ್ಲಿ ಗಾಳಿಯ ಇಂಗಾಲ ಬೇಗ ಮುಗಿಯುತ್ತದೆ, ಎಳೆಯ ಎಲೆಗೆ ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಆದ್ದರಿಂದ ಸಿದ್ಧ ಅನ್ನ ಬಡಿಸಬೇಕು. ಸಕ್ಕರೆ ಬಡಿಸಿದರೆ ಊಟಕ್ಕೆ ಕರೆಯದ ಶಿಲೀಂಧ್ರ, ದುಂಡಾಣುಗಳೂ ಬರುತ್ತವೆ. ಗಾಳಿ ಸೋಸುವ ಪೆಟ್ಟಿಗೆ, ಸ್ಪಿರಿಟ್ ದೀಪ, ಕೆಂಪಗೆ ಕಾಯಿಸಿದ ಚಿಮಟ, ಮುಖಗವಸು, ತಲೆಗವಸು ಎಲ್ಲವೂ ಸಕ್ಕರೆಯ ಬೆನ್ನಿಗೆ ಬಂದವು. ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ತೊಯೊಕಿ ಕೊಜಾಯ್ ಸಕ್ಕರೆಯನ್ನೇ ಬಿಟ್ಟು, ಬೆಳಕು ಮತ್ತು ಇಂಗಾಲದ ಡೈಆಕ್ಸೈಡ್ ಹೆಚ್ಚಿಸಿ ಸಸಿ ಬೆಳೆಸುವ ದಾರಿಯನ್ನು ದಶಕಗಳ ಕಾಲ ಹುಡುಕಿದ್ದು ಇದೇ ಕಾರಣಕ್ಕೆ.

ಬಾಟಲಿಗೆ ಗಿಡ ತುಂಬುವ ಕೋಣೆಯಲ್ಲಿ ಸಾಮಾನ್ಯವಾಗಿ ಹೆಣ್ಣುಮಕ್ಕಳೇ ಹೆಚ್ಚು. ಬಾಳೆಯ ಕಂದನ್ನು ಪದರ ಪದರವಾಗಿ ಬಿಡಿಸಿ, ಬೆರಳ ತುದಿಯಷ್ಟಾಗುವವರೆಗೆ ಕೆತ್ತಿ, ಬ್ಲೀಚಿನ ದ್ರಾವಣದಲ್ಲಿ ತೊಳೆದು, ಸುಳಿಯ ತುದಿಯನ್ನು ಮಾಧ್ಯಮದ ಮೇಲೆ ಕೂರಿಸುತ್ತಾರೆ. ಕೆಲವು ವಾರಗಳಲ್ಲಿ ಒಂದು ಮೊಳಕೆಯ ಬುಡದಲ್ಲಿ ಹಲವು ಮೊಳಕೆ. ಅವುಗಳನ್ನು ಬಿಡಿಸಿ ಹೊಸ ಬಾಟಲಿ, ಮತ್ತೆ ಬಿಡಿಸಿ ಮತ್ತೊಂದು ಬಾಟಲಿ. ದಿನವಿಡೀ ತಗ್ಗಿದ ಕುತ್ತಿಗೆ, ಅಲುಗದ ಮೊಣಕೈ. ನಮ್ಮ ಹೊಲಗಳ ಬಾಳೆ ಸಾಲುಗಳ ಹಿಂದೆ ಈ ಶ್ರಮವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ.

ಹೊಗೆಸೊಪ್ಪು ಕಲಿಸಿದ ಪಾಠ

ಎಂಎಸ್ ಎಂದರೆ ಮುರಾಶಿಗೆ ಮತ್ತು ಸ್ಕೂಗ್. ಅವರ ಲೇಖನ ಪ್ರಕಟವಾದದ್ದು 1962ರಲ್ಲಿ. ಅಷ್ಟರಲ್ಲಿ ಅರವತ್ತು ವರ್ಷಗಳ ಹುಡುಕಾಟ ನಡೆದಿತ್ತು. ಗಿಡದ ಒಂದೊಂದು ಜೀವಕೋಶಕ್ಕೂ ಪೂರ್ತಿ ಗಿಡವಾಗುವ ಸಾಮರ್ಥ್ಯವಿದೆ ಎಂದು ನಂಬಿ 1902ರಲ್ಲಿ ಆಸ್ಟ್ರಿಯದ ಗಾಟ್ಲೀಬ್ ಹೇಬರ್‌ಲಾಂಟ್ ಎಲೆಯ ಕೋಶಗಳನ್ನು ಉಪ್ಪು ಸಕ್ಕರೆಯ ನೀರಿನಲ್ಲಿ ಇಟ್ಟು ನೋಡಿದ್ದರು. ಕೋಶಗಳು ಬದುಕಿದವು, ಉಬ್ಬಿದವು, ಒಡೆದು ಎರಡಾಗಲಿಲ್ಲ. ನಂಬಿಕೆ ಸರಿಯಿತ್ತು, ಊಟ ಸಾಲದಾಗಿತ್ತು. 1934ರಲ್ಲಿ ಅಮೆರಿಕದ ಫಿಲಿಪ್ ವೈಟ್ ಟೊಮೆಟೊ ಬೇರನ್ನು ಗಿಡದಿಂದ ಬೇರ್ಪಡಿಸಿ ಬೆಳೆಸುತ್ತಲೇ ಹೋಗಬಹುದೆಂದು ತೋರಿಸಿದರು. 1941ರಲ್ಲಿ ಯೋಹಾನ್ಸ್ ವಾನ್ ಓವರ್‌ಬೀಕ್ ಎಳನೀರು ಸೇರಿಸಿ ದತ್ತೂರಿಯ ಎಳೆ ಭ್ರೂಣಗಳನ್ನು ಸಾಕಿದರು. ತೆಂಗಿನ ನಾಡಿನವರಿಗೆ ಹೆಮ್ಮೆ ತರುವ ಸಂಗತಿ ಇದು. ಎಳನೀರಿನಲ್ಲಿ ಕೋಶಗಳನ್ನು ಒಡೆಯಲು ಪ್ರಚೋದಿಸುವ ಹಾರ್ಮೋನುಗಳಿವೆ ಎಂಬುದು ಆಮೇಲೆ ತಿಳಿಯಿತು, ಆರ್ಕಿಡ್ ಬೆಳೆಸುವ ಪ್ರಯೋಗಾಲಯಗಳು ಇವತ್ತಿಗೂ ಅದನ್ನು ಬಳಸುತ್ತವೆ.

ಟೊಶಿಯೊ ಮುರಾಶಿಗೆ ಹವಾಯಿಯಲ್ಲಿ ಹುಟ್ಟಿದವರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಫೋಲ್ಕೆ ಸ್ಕೂಗ್ ಅವರ ವಿದ್ಯಾರ್ಥಿಯಾಗಿ ಹೊಗೆಸೊಪ್ಪಿನ ಅಂಗಾಂಶದ ಮೇಲೆ ಕೆಲಸ ಮಾಡುತ್ತಿದ್ದರು. ವೈಟ್ ಅವರ ಮಾಧ್ಯಮವನ್ನು ತಿದ್ದಿ ಬಳಸುತ್ತಿದ್ದ ಬಾಟಲಿಗೆ ಹೊಗೆಸೊಪ್ಪಿನ ಎಲೆಯ ರಸ ಸೇರಿಸಿದಾಗ ಮೂರು ನಾಲ್ಕು ವಾರಗಳಲ್ಲೇ ಬೆಳವಣಿಗೆ ನಾಲ್ಕೈದು ಪಟ್ಟು ಏರಿತು. ಎಲೆಯಲ್ಲಿ ಯಾವುದೋ ಅಪರೂಪದ ಬೆಳವಣಿಗೆ ಪದಾರ್ಥವಿದೆ ಎಂದೇ ಯಾರಾದರೂ ಭಾವಿಸುವ ಫಲಿತಾಂಶ ಅದು. ಬಿಡಿಸಿ ನೋಡಿದರೆ ಹೆಚ್ಚಿನ ಕೆಲಸ ಮಾಡಿದ್ದು ರಸದಲ್ಲಿದ್ದ ಸಾಮಾನ್ಯ ಉಪ್ಪುಗಳು. ಅಂದರೆ ಅದುವರೆಗಿನ ಮಾಧ್ಯಮದಲ್ಲಿ ಅಂಗಾಂಶ ಹಸಿದೇ ಇತ್ತು. ಸಾರಜನಕ, ಪೊಟ್ಯಾಷ್ ಏರಿಸಿ, ಒಂದೊಂದು ಉಪ್ಪನ್ನೂ ಹಲವು ಪ್ರಮಾಣಗಳಲ್ಲಿ ಪರೀಕ್ಷಿಸಿ ಅವರು ಕೊಟ್ಟ ಪಟ್ಟಿಯೇ ಮೇಲೆ ಹೇಳಿದ ಅಂಕಿಗಳು. ಅಚ್ಚರಿಯ ಮದ್ದನ್ನು ಹುಡುಕುತ್ತ ಹೊರಟವರು ಉಪ್ಪಿನ ಲೆಕ್ಕವನ್ನು ಸರಿಪಡಿಸಿ ಜಗತ್ತಿಗೆ ಕೊಟ್ಟರು. ಕೃಷಿ ಅಂಗಡಿಗಳಲ್ಲಿ ಬಣ್ಣಬಣ್ಣದ ಟಾನಿಕ್ ಬಾಟಲಿಗಳ ಸಾಲು ನೋಡುವಾಗೆಲ್ಲ ನನಗೆ ಈ ಹೊಗೆಸೊಪ್ಪಿನ ಕಥೆ ನೆನಪಾಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಕೊರತೆಯಾದ ಉಪ್ಪನ್ನು ಕೊಡುವ ಮೊದಲೇ ಟಾನಿಕ್ಕಿಗೆ ಸಾವಿರಾರು ರೂಪಾಯಿ ಸುರಿಯುವ ರೈತನಿಗೆ ಇದನ್ನು ಕೂರಿಸಿಕೊಂಡು ಹೇಳಬೇಕೆನಿಸುತ್ತದೆ.

ಹಾರ್ಮೋನಿನ ಕಥೆಯೂ ಸ್ಕೂಗ್ ಅವರ ಪ್ರಯೋಗಾಲಯದ್ದೇ. 1955ರಲ್ಲಿ ಕಾರ್ಲೋಸ್ ಮಿಲ್ಲರ್ ಮತ್ತು ಸಂಗಡಿಗರು ಹೆರಿಂಗ್ ಮೀನಿನ ವೀರ್ಯದ ಡಿಎನ್‌ಎಯಿಂದ ಕೈನೆಟಿನ್ ಎಂಬ ಪದಾರ್ಥವನ್ನು ಬೇರ್ಪಡಿಸಿದರು. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಇಡೀ ಉದ್ಯಮಕ್ಕೆ ಅಡಿಪಾಯವಾದ ಸಂಗತಿಯನ್ನು ಹೇಳಿದರು. ಮಾಧ್ಯಮದಲ್ಲಿ ಕೈನೆಟಿನ್ ಜಾತಿಯ ಹಾರ್ಮೋನು ಹೆಚ್ಚಿದ್ದರೆ ಅಂಗಾಂಶ ಚಿಗುರು ಬಿಡುತ್ತದೆ, ಆಕ್ಸಿನ್ ಎಂಬ ಹಾರ್ಮೋನು ಹೆಚ್ಚಿದ್ದರೆ ಬೇರು ಬಿಡುತ್ತದೆ, ಎರಡೂ ಸಮಸಮ ಇದ್ದರೆ ಆಕಾರವಿಲ್ಲದ ಮುದ್ದೆಯಾಗಿ ಬೆಳೆಯುತ್ತದೆ. ಬಾಳೆಯ ಮೊಳಕೆ ಮೊದಲು ಕೈನೆಟಿನ್ ಜಾತಿಯ ಬಿಎಪಿ ಹೆಚ್ಚಿರುವ ಬಾಟಲಿಯಲ್ಲಿ ಮರಿ ಹಾಕುವುದೂ ಕೊನೆಗೆ ಆಕ್ಸಿನ್ ಜಾತಿಯ ಐಬಿಎ ಇರುವ ಬಾಟಲಿಯಲ್ಲಿ ಬೇರು ಬಿಡುವುದೂ ಈ ಅನುಪಾತದ ಮೇಲೆಯೇ. ಆಸೆಗೆ ಬಿದ್ದು ಬಿಎಪಿ ಏರಿಸಿ, ಒಂದೇ ತಾಯಿ ಅಂಗಾಂಶದಿಂದ ಬಿಡುವಿಲ್ಲದೆ ಮರಿ ತೆಗೆಯುತ್ತ ಹೋದರೆ ತಳಿಯಲ್ಲೇ ವ್ಯತ್ಯಾಸ ಮೂಡುತ್ತದೆ. ಕುಳ್ಳ ಗಿಡ, ಮುದುಡಿದ ಎಲೆ, ಒಪ್ಪವಿಲ್ಲದ ಗೊನೆ. ಒಂದು ತಾಯಿ ಅಂಗಾಂಶವನ್ನು ಎಷ್ಟು ಸಲ ಬಿಡಿಸಿ ಬೆಳೆಸಬಹುದು ಎಂಬುದಕ್ಕೆ ಮಿತಿ ಬೇಕೆನ್ನುವುದು ಇದಕ್ಕಾಗಿ.

ಭಾರತದಲ್ಲಿ ಈ ವಿದ್ಯೆಗೆ ನೆಲೆ ಸಿಕ್ಕಿದ್ದು ದೆಹಲಿ ವಿಶ್ವವಿದ್ಯಾಲಯದಲ್ಲಿ, ಪಂಚಾನನ ಮಹೇಶ್ವರಿ ಅವರ ಬಳಗದಿಂದ. ಅಲ್ಲಿಯೇ 1964ರಲ್ಲಿ ಶಿಪ್ರಾ ಗುಹಾ ಮತ್ತು ಎಸ್.ಸಿ. ಮಹೇಶ್ವರಿ ದತ್ತೂರಿಯ ಪರಾಗಕೋಶದಿಂದ ಸಸಿ ಪಡೆದು ಜಗತ್ತಿನ ಗಮನ ಸೆಳೆದರು. ಕರ್ನಾಟಕದಲ್ಲಿ ಇದನ್ನು ವ್ಯಾಪಾರದ ಮಟ್ಟಕ್ಕೆ ತಂದ ಮೊದಲ ಸಂಸ್ಥೆಗಳಲ್ಲಿ ಮನಮೋಹನ್ ಅತ್ತಾವರ್ 1965ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಒಂದು. ತೋಟಗಾರಿಕೆ ಇಲಾಖೆಯ ಜೈವಿಕ ತಂತ್ರಜ್ಞಾನ ಕೇಂದ್ರ ಬೆಂಗಳೂರಿನ ಹುಳಿಮಾವಿನಲ್ಲಿದೆ. ಗ್ರ್ಯಾಂಡ್ ನೈನ್ ಬಾಳೆ, ಅಂದರೆ ನಮ್ಮ ಜಿ-9, 1990ರ ದಶಕದಲ್ಲಿ ಜಳಗಾವಿನ ಜೈನ್ ಇರಿಗೇಷನ್ ಮೂಲಕ ಬಾಟಲಿ ಸಸಿಯಾಗಿ ಮಹಾರಾಷ್ಟ್ರದಲ್ಲಿ ಹಬ್ಬಿ ಗಡಿ ದಾಟಿ ಬಂತು. ಜಳಗಾವಿನಿಂದ ಬರಲಿ, ಬೆಂಗಳೂರಿನಿಂದ ಬರಲಿ, ಸಿಂದಗಿಗೆ ದಾರಿ ಐನೂರು ಕಿಲೋಮೀಟರ್ ಆಸುಪಾಸು.

ದಾಳಿಂಬೆಗೆ ಬೇರೆ ಪಥ್ಯ

ಬಾಳೆಗೆ ಒಗ್ಗಿದ್ದು ದಾಳಿಂಬೆಗೆ ಒಗ್ಗುವುದಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ದುಂಡಾಣು ಅಂಗಮಾರಿ ವಿಜಯಪುರ, ಬಾಗಲಕೋಟೆ, ಕೊಪ್ಪಳದ ದಾಳಿಂಬೆ ತೋಟಗಳನ್ನು ಹೊಡೆದಾಗ ರೈತರು ಕೈಯಾರೆ ಗಿಡ ಕಿತ್ತು ಸುಟ್ಟರು. ಸೊಲ್ಲಾಪುರದ ಕಡೆ ತೇಲ್ಯಾ ಎಂದು ಕರೆಯುವುದು ಇದನ್ನೇ. ಕಾಯಿಯ ಮೇಲೆ ಎಣ್ಣೆಯಂಥ ಚುಕ್ಕಿ, ಆಮೇಲೆ ಸಿಪ್ಪೆಯ ಮೇಲೆ ಸೀಳು. ರೋಗ ತೋಟದಿಂದ ತೋಟಕ್ಕೆ ಹೋದ ದಾರಿಗಳಲ್ಲಿ ಗೂಟಿ ಸಸಿಯೂ ಒಂದು. ರೋಗವಿರುವ ತಾಯಿಗಿಡದ ಕೊಂಬೆಗೆ ಪಾಚಿ ಕಟ್ಟಿ ಬೇರು ಬಿಡಿಸಿ ಮಾರಿದರೆ ಸಸಿಯ ಜೊತೆಗೇ ದುಂಡಾಣುವೂ ಮಾರಾಟವಾಗುತ್ತದೆ. ಬಾಟಲಿಯಲ್ಲಿ ಬೆಳೆದ ದಾಳಿಂಬೆಗೆ ಬೇಡಿಕೆ ಬಂದದ್ದು ಹೀಗೆ. ಇಂಡಿಗೆ ನೆರೆಯ ಊರಾದ ಸೊಲ್ಲಾಪುರದಲ್ಲಿ 2005ರಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಶುರುವಾಯಿತು.

ದಾಳಿಂಬೆಯ ತುಂಡನ್ನು ಮಾಧ್ಯಮದ ಮೇಲೆ ಇಟ್ಟು ಒಂದೆರಡು ದಿನ ಬಿಟ್ಟು ನೋಡಿದರೆ ಸುತ್ತಲೂ ಕಂದು ಬಣ್ಣ ಹರಡಿರುತ್ತದೆ. ದಾಳಿಂಬೆ ಸಿಪ್ಪೆ ಬಿಡಿಸಿದ ಬೆರಳು ಕಪ್ಪಾಗುತ್ತದಲ್ಲ, ಅದೇ ಒಗರು ಪದಾರ್ಥ ಕತ್ತರಿಸಿದ ಗಾಯದಿಂದ ಸೋರಿ, ಗಾಳಿ ತಾಗಿ ಕಪ್ಪಾಗಿ, ತುಂಡನ್ನೇ ಕೊಲ್ಲುತ್ತದೆ. ಅದಕ್ಕೆ ಇದ್ದಿಲ ಪುಡಿ ಸೇರಿಸುತ್ತಾರೆ, ಆಸ್ಕಾರ್ಬಿಕ್ ಆಮ್ಲ ಹಾಕುತ್ತಾರೆ, ಮೇಲಿಂದ ಮೇಲೆ ಹೊಸ ಬಾಟಲಿಗೆ ಬದಲಿಸುತ್ತಾರೆ. ಉಪ್ಪಿನ ಲೆಕ್ಕವನ್ನೂ ತಗ್ಗಿಸಬೇಕಾಗುತ್ತದೆ. ಮರಜಾತಿಯ ಗಿಡಗಳಿಗೆಂದೇ ಲಾಯ್ಡ್ ಮತ್ತು ಮೆಕೌನ್ 1980ರಲ್ಲಿ ಮಾಡಿದ 'ವುಡಿ ಪ್ಲಾಂಟ್ ಮೀಡಿಯಂ'ನಲ್ಲಿ ಅಮೋನಿಯಂ ನೈಟ್ರೇಟ್ 400 ಮಿಲಿಗ್ರಾಂ ಮಾತ್ರ, ಎಂಎಸ್‌ನ ಕಾಲುಭಾಗಕ್ಕೂ ಕಡಿಮೆ. ಕ್ಲೋರೈಡ್ ಕೂಡ ಕಡಿಮೆ.

ಇನ್ನೊಂದು ತೊಂದರೆ ನನಗೆ ಬಹಳ ಪಾಠ ಕಲಿಸುವಂಥದ್ದೆಂದು ಅನ್ನಿಸಿದೆ. ಮಾಧ್ಯಮದಲ್ಲಿ ಕ್ಯಾಲ್ಸಿಯಂ ಇದ್ದೂ ಸಸಿಯ ಸುಳಿ ಕರಗಿ ಸಾಯುವುದುಂಟು. ಕ್ಯಾಲ್ಸಿಯಂ ಗಿಡದಲ್ಲಿ ಮೇಲೇರುವುದು ಎಲೆ ನೀರನ್ನು ಆವಿಯಾಗಿ ಬಿಡುವ ಸೆಳೆತದಿಂದ. ಮುಚ್ಚಿದ ಬಾಟಲಿಯ ತೇವದ ಗಾಳಿಯಲ್ಲಿ ಆ ಸೆಳೆತವೇ ಇಲ್ಲ. ಊಟ ಬುಡದಲ್ಲಿದೆ, ತುದಿಗೆ ತಲುಪುವುದಿಲ್ಲ. ಗೊಬ್ಬರ ಹಾಕಿದ್ದೇನೆ, ಆದರೂ ಏಕೆ ಹೀಗೆ ಎಂದು ಕೇಳುವ ಎಷ್ಟೋ ಹೊಲಗಳ ಪ್ರಶ್ನೆಗೂ ಉತ್ತರ ಈ ದಾರಿಯಲ್ಲಿಯೇ ಇದೆ. ಇರುವುದು ಬೇರೆ, ದಕ್ಕುವುದು ಬೇರೆ.

ಬಾಟಲಿ ಸಸಿಗೆ ಅಂಗಮಾರಿ ಬರುವುದಿಲ್ಲ ಎಂದು ಮಾರುವವರು ಹೇಳಿದರೆ ನಂಬಬಾರದು. ಅದು ಬರುವಾಗ ರೋಗವಿಲ್ಲದೆ ಬರುತ್ತದೆ, ಅಷ್ಟೇ. ಪಕ್ಕದ ತೋಟದಲ್ಲಿ ರೋಗವಿದ್ದು ಗಾಳಿ ಮಳೆ ಕೂಡಿ ಬಂದರೆ ಇದಕ್ಕೂ ಹತ್ತುತ್ತದೆ. ಬಾಳೆಗೆ ಬರುವ ಗೊಂಚಲು ತುದಿ (ಬಂಚಿ ಟಾಪ್) ರೋಗದ ನಂಜಾಣುವಿನ ಮಾತೂ ಹೀಗೆಯೇ.

5.8ರಿಂದ 8ಕ್ಕೆ

ಈಗ ನೆನಪಿನಲ್ಲಿಡಲು ಹೇಳಿದ ಸಂಖ್ಯೆಗೆ ಬರುತ್ತೇನೆ. ಬಾಟಲಿಯ ಪಿಎಚ್ 5.8. ಹೊಲದ ಪಿಎಚ್ 8.3 ಎಂದಿಟ್ಟುಕೊಳ್ಳಿ. ಎರಡೂವರೆ ಅಂಕೆಯ ವ್ಯತ್ಯಾಸ ಕಾಗದದ ಮೇಲೆ ಸಣ್ಣದು. ಆದರೆ ಪಿಎಚ್‌ನ ಒಂದೊಂದು ಅಂಕೆಯೂ ಹತ್ತು ಪಟ್ಟಿನ ಮೆಟ್ಟಿಲು, ಹಾಗಾಗಿ ಆಮ್ಲತೆಯಲ್ಲಿ ಇದು ಮುನ್ನೂರು ಪಟ್ಟು ಮೀರಿದ ಅಂತರ. ಕಬ್ಬಿಣದ ಮಟ್ಟಿಗೆ ಇನ್ನೂ ಕಠಿಣ. ಪಿಎಚ್ ಒಂದು ಅಂಕೆ ಏರಿದರೆ ಮಣ್ಣಿನ ನೀರಿನಲ್ಲಿ ಕರಗಿರುವ ಫೆರಿಕ್ ಕಬ್ಬಿಣ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ನಮ್ಮ ಕರಿಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಬಾಟಲಿಯ ಒಂದು ಲೀಟರಿನಲ್ಲಿ ಆರು ಮಿಲಿಗ್ರಾಂ ಕಬ್ಬಿಣವೂ ಇರುವುದಿಲ್ಲ. ಆದರೂ ಅಲ್ಲಿ ಎಲೆ ಹಸಿರು, ಇಲ್ಲಿ ಎಳೆ ಎಲೆಯ ನರ ಮಾತ್ರ ಹಸಿರು, ನಡುವೆಲ್ಲ ಹಳದಿ. ಜಿಂಕಿನ ಕಥೆಯೂ ಹೆಚ್ಚುಕಡಿಮೆ ಇದೇ.

ಬಾಟಲಿಯಲ್ಲಿ ಕಬ್ಬಿಣವನ್ನು ಬೇರಿಗೆ ಸಿಗುವಂತೆ ಹಿಡಿದಿಟ್ಟದ್ದು ಇಡಿಟಿಎ. ಇದನ್ನು ಕೇಳಿದ ರೈತ ಇಡಿಟಿಎ ಕಬ್ಬಿಣವನ್ನೇ ತಂದು ಡ್ರಿಪ್ಪಿನಲ್ಲಿ ಬಿಟ್ಟರೆ ಹಣ ನೀರಿಗೆ ಹೋಗುವ ಸಂಭವವೇ ಹೆಚ್ಚು. ಸುಣ್ಣದ ಮಣ್ಣಿನಲ್ಲಿ ಇಡಿಟಿಎ ಕಬ್ಬಿಣವನ್ನು ಕೈಬಿಟ್ಟು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. 5.8ರಲ್ಲಿ ನಂಬಿಕಸ್ಥನಾದವನು 8ರಲ್ಲಿ ನಂಬಿಕಸ್ಥನಲ್ಲ. ನಮ್ಮ ಮಣ್ಣಿಗೆ ಕೊಡುವುದಾದರೆ ಇಡಿಡಿಎಚ್‌ಎ ಎಂಬ ಇನ್ನೊಂದು ಬಗೆಯ ಕಬ್ಬಿಣ ನಿಲ್ಲುತ್ತದೆ, ಬೆಲೆ ಹೆಚ್ಚು. ಇಲ್ಲವಾದರೆ ಮಣ್ಣನ್ನು ಬಿಟ್ಟು ಎಲೆಗೆ ಕೊಡಬೇಕು, ಅರ್ಧ ಪ್ರತಿಶತ ಫೆರಸ್ ಸಲ್ಫೇಟ್‌ಗೆ ತುಸು ಸಿಟ್ರಿಕ್ ಆಮ್ಲ ಬೆರೆಸಿ ತಂಪು ಹೊತ್ತಿನಲ್ಲಿ ಸಿಂಪಡಿಸಿದರೆ ಹೊಸ ಎಲೆ ಹಸಿರಾಗುತ್ತದೆ. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕಳಿತಿದ್ದರೆ ಅದರ ಆಮ್ಲಗಳೂ ಈ ಕೆಲಸವನ್ನೇ ನಿಧಾನವಾಗಿ ಮಾಡುತ್ತವೆ.

ಬೇರಿನ ಕಷ್ಟ ಇದಾದರೆ ಎಲೆಯದು ಬೇರೆ. ಬಾಟಲಿಯಲ್ಲಿ 25 ಡಿಗ್ರಿ ಆಸುಪಾಸಿನ ಉಷ್ಣತೆ, ನೂರರ ಹತ್ತಿರ ತೇವ. ಅಲ್ಲಿ ಬೆಳೆದ ಎಲೆಯ ಮೇಲೆ ಮೇಣದ ಲೇಪ ತೆಳು, ಉಸಿರಾಟದ ರಂಧ್ರಗಳಿಗೆ ಮುಚ್ಚಿಕೊಳ್ಳುವ ಅಭ್ಯಾಸವೇ ಇಲ್ಲ. ಹೊರಗೆ ತೆಗೆದು ಬಿಸಿಲಿಗೆ ಇಟ್ಟರೆ ಒಂದು ಮಧ್ಯಾಹ್ನ ಸಾಕು. ಅದಕ್ಕೇ ಹದಗೊಳಿಸುವ ಎರಡು ಹಂತ. ಮೊದಲು ಟ್ರೇನಲ್ಲಿ ತೆಂಗಿನ ನಾರಿನ ಪುಡಿ, ಮಂಜು ಹನಿಸುವ ಹಸಿರುಮನೆ, ಕೆಲವು ವಾರ. ಆಮೇಲೆ ಪಾಲಿಥಿನ್ ಚೀಲ, ನೆರಳು ಪರದೆ, ಮತ್ತೆ ಕೆಲವು ವಾರ. ಸಕ್ಕರೆಯ ಊಟ ಬಿಟ್ಟು ಬಿಸಿಲಿನಲ್ಲಿ ದುಡಿದು ಉಣ್ಣುವುದನ್ನು ಗಿಡ ಕಲಿಯುವುದು ಇಲ್ಲಿ.

ನನ್ನ ತಕರಾರು ಇರುವುದು ಈ ಎರಡನೇ ಹಂತದ ಚೀಲದಲ್ಲಿ ಏನು ತುಂಬುತ್ತಾರೆ ಎಂಬುದರ ಬಗ್ಗೆ. ಬೆಂಗಳೂರು ಕಡೆಯ ನರ್ಸರಿಯಲ್ಲಿ ಕೈಗೆ ಸಿಗುವುದು ಕೆಂಪು ಮಣ್ಣು. ಗಿಡ ನಾರಿನ ಪುಡಿಯಿಂದ ಕೆಂಪು ಮಣ್ಣಿಗೆ ಹೋಗಿ ಸುಖವಾಗಿರುತ್ತದೆ, ಅಲ್ಲಿಂದ ಲಾರಿ ಹತ್ತಿ ಬಂದು ಒಂದೇ ದಿನದಲ್ಲಿ ಎರಿ ಹೊಲದ ಗುಂಡಿಗೆ ಇಳಿಯುತ್ತದೆ. ಹೊಸ ಬೇರು ಕೆಂಪು ಹೆಂಟೆಯನ್ನು ದಾಟಿ ಹೊರಬಂದಾಗ ಮೊದಲ ಸಲ ಸುಣ್ಣದ ಮಣ್ಣು, ಮೊದಲ ಸಲ ಗಡಸು ಕೊಳವೆಬಾವಿ ನೀರು, ತಲೆಯ ಮೇಲೆ ಸಿಂದಗಿಯ ಬಿಸಿಲು. ಮೂರೂ ಒಟ್ಟಿಗೆ. ಎರಡನೇ ಹಂತವನ್ನು ಇಲ್ಲಿಯೇ, ತಾಲ್ಲೂಕಿಗೊಂದು ನೆರಳುಮನೆಯಲ್ಲಿ, ನಮ್ಮದೇ ಎರಿಮಣ್ಣು, ಮರಳು, ಕಳಿತ ಗೊಬ್ಬರ ಬೆರೆಸಿದ ಚೀಲದಲ್ಲಿ, ನಮ್ಮದೇ ನೀರು ಕೊಟ್ಟು ಮಾಡಿದರೆ ಗಿಡ ನೆರಳಿನಲ್ಲಿರುವಾಗಲೇ ಈ ಮಣ್ಣನ್ನು ಪರಿಚಯ ಮಾಡಿಕೊಳ್ಳುತ್ತದೆ. ಅದರಲ್ಲಿ ಸೋತ ಗಿಡ ಚೀಲದಲ್ಲೇ ಸೋಲುತ್ತದೆ, ರೈತನ ಲೆಕ್ಕಕ್ಕೆ ಬರುವುದಿಲ್ಲ. ಬೇರಿಗೆ ಅಂಟಿ ಬದುಕುವ ಉಪಕಾರಿ ಶಿಲೀಂಧ್ರಗಳನ್ನು ಈ ಹಂತದಲ್ಲಿಯೇ ಸೇರಿಸಬಹುದು. ಬಾಟಲಿಯಿಂದ ಬಂದ ಬೇರು ಸೂಕ್ಷ್ಮಜೀವಿಗಳನ್ನೇ ಕಾಣದ ಬೇರು, ಅದಕ್ಕೆ ಯಾರ ಸಂಗ ಮೊದಲು ಸಿಗುತ್ತದೆ ಎಂಬುದು ಬಹಳ ಮುಖ್ಯ. ಇದಕ್ಕೆ ಕೋಟಿ ರೂಪಾಯಿಯ ಪ್ರಯೋಗಾಲಯ ಬೇಕಿಲ್ಲ. ನೆರಳು ಪರದೆ, ನೀರು, ನಿಗಾ ಇಡುವ ನಾಲ್ಕು ಜನ ಸಾಕು. ಸ್ತ್ರೀಶಕ್ತಿ ಗುಂಪುಗಳು, ರೈತ ಉತ್ಪಾದಕರ ಕಂಪನಿಗಳು ಮಾಡಬಲ್ಲ ಕೆಲಸ.

ಕೊಳ್ಳುವಾಗ ಕೇಳಬೇಕಾದದ್ದು ಇನ್ನೊಂದಿದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಿಂದ ಅಂಗಾಂಶ ಕೃಷಿ ಸಸಿಗಳಿಗೆ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆ ನಡೆಸುತ್ತಿದೆ. ನಂಜಾಣು ಪರೀಕ್ಷೆ, ತಳಿ ಶುದ್ಧತೆಯ ಪರೀಕ್ಷೆ ಎರಡೂ ಅದರಲ್ಲಿವೆ. ಪ್ರಮಾಣಪತ್ರದ ಲೇಬಲ್ ಇಲ್ಲದ ಅಗಿ ಎರಡು ರೂಪಾಯಿ ಅಗ್ಗವಾದರೂ ಬೇಡ.

ಅಗ್ಗದ ಮಾತು ಬಂದದ್ದರಿಂದ ಅಗರ್ ಬಗ್ಗೆ ಒಂದು ಮಾತು. ಕೆಂಪು ಕಡಲಕಳೆಯಿಂದ ತೆಗೆಯುವ ಈ ಅಗರ್ ಮಾಧ್ಯಮದ ತೀರ ದುಬಾರಿ ವಸ್ತುಗಳಲ್ಲಿ ಒಂದು. ದೆಹಲಿ ವಿಶ್ವವಿದ್ಯಾಲಯದ ಬಬ್ಬರ್ ಮತ್ತು ಜೈನ್ 1998ರಲ್ಲಿ ಅದರ ಬದಲು ಇಸಬ್‌ಗೋಲ್ ಹಾಕಿ ಸಸಿ ಬೆಳೆಸಿ ತೋರಿಸಿದರು. ಹೊಟ್ಟೆ ಸರಿಮಾಡಲು ಮನೆಯಲ್ಲಿ ನೀರಿಗೆ ಹಾಕಿ ಕುಡಿಯುವ ಅದೇ ಹೊಟ್ಟು. ಸಾಗೋ, ಪಿಷ್ಟಗಳ ಪ್ರಯೋಗಗಳೂ ನಡೆದಿವೆ. ಸಣ್ಣ ಊರಿನ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೂ ಇದು ಎಟುಕುವ ದಾರಿ.

ಇಂಡಿಯ ನಿಂಬೆ

ಕೊನೆಗೆ ನನ್ನ ಮನಸ್ಸಿಗೆ ತೀರ ಹತ್ತಿರವಾದ ಬೆಳೆ. ಇಂಡಿ ನಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ, ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿ ಇಂಡಿಯಲ್ಲಿಯೇ ಇದೆ. ನಮ್ಮವರು ಇದನ್ನು ಬೀಜದಿಂದ ಬೆಳೆಸುತ್ತಾರೆ, ಆದರೂ ತಾಯಿಗುಣ ಬಹುಮಟ್ಟಿಗೆ ಉಳಿಯುತ್ತದೆ. ನಿಂಬೆಯ ಒಂದೇ ಬೀಜದಲ್ಲಿ ಹಲವು ಭ್ರೂಣಗಳಿದ್ದು, ಅವುಗಳಲ್ಲಿ ಹೆಚ್ಚಿನವು ಪರಾಗದ ಹಂಗಿಲ್ಲದೆ ತಾಯಿಯ ನ್ಯೂಸೆಲಸ್ ಎಂಬ ಅಂಗಾಂಶದಿಂದಲೇ ಹುಟ್ಟುತ್ತವೆ. ಪ್ರಯೋಗಾಲಯ ಮಾಡುವ ನಕಲನ್ನು ನಿಂಬೆ ತನ್ನ ಬೀಜದೊಳಗೆ ತಾನೇ ಮಾಡಿಕೊಂಡಿದೆ. ಈ ನ್ಯೂಸೆಲಸನ್ನು ಬಾಟಲಿಯಲ್ಲಿಟ್ಟು ಭ್ರೂಣ ಪಡೆಯುವ ಕೆಲಸಕ್ಕೆ 1950ರ ದಶಕದ ಕೊನೆಯಲ್ಲಿ ದಾರಿ ತೋರಿಸಿದವರು ಪಂಚಾನನ ಮಹೇಶ್ವರಿ ಮತ್ತು ಎನ್.ಎಸ್. ರಂಗಸ್ವಾಮಿ.

ಹಳೆಯ ಮರಗಳ ತೊಂದರೆ ನಂಜಾಣು. ಟ್ರಿಸ್ಟೆಜಾ ರೋಗಕ್ಕೆ ನಿಂಬೆ ಎಷ್ಟು ನಾಜೂಕೆಂದರೆ, ಕಿತ್ತಳೆಯಂಥ ಬೇರೆ ಮರಗಳಲ್ಲಿ ಅದರ ನಂಜಾಣು ಇದೆಯೇ ಎಂದು ಪತ್ತೆ ಮಾಡಲು ವಿಜ್ಞಾನಿಗಳು ನಿಂಬೆ ಸಸಿಗೆ ಕಣ್ಣು ಕಸಿ ಮಾಡಿ ನೋಡುತ್ತಾರೆ. ಮುರಾಶಿಗೆ ಮುಂದೆ ಕ್ಯಾಲಿಫೋರ್ನಿಯದ ರಿವರ್‌ಸೈಡ್‌ಗೆ ಹೋಗಿ ಈ ತೊಂದರೆಯನ್ನೇ ಕೈಗೆತ್ತಿಕೊಂಡರು. 1972ರಲ್ಲಿ ಅವರೂ ಸಂಗಡಿಗರೂ ಮಾಡಿದ ಉಪಾಯ ಹೀಗಿದೆ. ಎಂಎಸ್ ಮಾಧ್ಯಮದಲ್ಲಿ ಬೀಜ ಮೊಳೆಸಿ ಕತ್ತಲಲ್ಲಿ ಎಳೆ ಸಸಿ ಬೆಳೆಸಬೇಕು, ಅದರ ತಲೆ ಕತ್ತರಿಸಬೇಕು, ಒಳ್ಳೆಯ ತಾಯಿಮರದ ಸುಳಿಯಿಂದ 0.1–0.2 ಮಿಲಿಮೀಟರಿನ ತುದಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಕೊಯ್ದು ಅದರ ಮೇಲೆ ಕೂರಿಸಬೇಕು. ಎರಡು ಮೂರು ಎಲೆಮೊಗ್ಗೆ ಮಾತ್ರ ಇರುವ ಆ ತುದಿಗೆ ನಂಜಾಣು ಸಾಮಾನ್ಯವಾಗಿ ಇನ್ನೂ ಏರಿರುವುದಿಲ್ಲ. 1975ರಲ್ಲಿ ಲೂಯಿಸ್ ನವಾರೊ ಮತ್ತು ಮುರಾಶಿಗೆ ಇದನ್ನು ಇನ್ನಷ್ಟು ಪಳಗಿಸಿದರು. ಇಂದು ಜಗತ್ತಿನ ನಿಂಬೆ, ಕಿತ್ತಳೆ ನರ್ಸರಿಗಳ ಶುದ್ಧ ತಾಯಿಗಿಡಗಳಿಗೆ ಇದೇ ಆಧಾರ. ನಾಗಪುರದ ಕೇಂದ್ರೀಯ ನಿಂಬೆವರ್ಗ ಸಂಶೋಧನಾ ಸಂಸ್ಥೆ ನಾಗಪುರ ಕಿತ್ತಳೆಗೆ ಈ ವಿಧಾನವನ್ನು ಬಳಸಿದೆ.

ಇಂಡಿ, ಸಿಂದಗಿ ತಾಲ್ಲೂಕುಗಳಲ್ಲಿ ದಶಕಗಳಿಂದ ಕೈಬಿಡದೆ ಕಾಯಿ ಕೊಡುತ್ತಿರುವ ಮರಗಳು ಯಾವುವು ಎಂದು ಆಯಾ ಊರಿನ ಹಿರಿಯರಿಗೆ ಗೊತ್ತು. ಆ ಮರಗಳ ಪಟ್ಟಿ ಬೇಕು. ಒಂದೊಂದಕ್ಕೂ ನಂಜಾಣು ಪರೀಕ್ಷೆ ಆಗಬೇಕು. ಸೋಂಕು ಇದ್ದ ಒಳ್ಳೆಯ ಮರದಿಂದ ತುದಿ ಕಸಿ ಮಾಡಿ ಶುದ್ಧ ತಾಯಿಗಿಡ ಪಡೆದು ಜಾಲರಿ ಮನೆಯಲ್ಲಿ ಕಾಪಾಡಬೇಕು, ಸೋಂಕಿಲ್ಲದ ಮರದ ಬೀಜವನ್ನು ನರ್ಸರಿಗಳಿಗೆ ಕೊಡಬೇಕು. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಜೈವಿಕ ತಂತ್ರಜ್ಞಾನ ಸಂಸ್ಥೆಯಿದೆ, ಇಂಡಿಯಲ್ಲಿ ಮಂಡಳಿಯಿದೆ. ಮಾಧ್ಯಮದ ಪಟ್ಟಿ 1962ರಿಂದ ಎಲ್ಲರ ಕೈಯಲ್ಲಿದೆ. ಮರಗಳ ಪಟ್ಟಿಯ ಕೆಲಸ ಈ ಹಿಂಗಾರಿನಲ್ಲೇ ಶುರುವಾಗಲಿ, ನೀರು ತೀರಿದ ತೋಟಗಳಲ್ಲಿ ಪ್ರತಿ ಬೇಸಿಗೆಯೂ ಅಂಥ ಕೆಲವು ಮರ ಒಣಗುತ್ತವೆ.